ಫಾಲೋ ಆನ್ ಹೇರಬೇಕೇ, ಬೇಡವೇ?

2025ರ ನವೆಂಬರ್ ಮೊದಲ ವಾರ ತಿರುವನಂತಪುರದ ಹೊರವಲಯದ ಮಂಗಲಪುರಂ ಮೈದಾನದಲ್ಲಿ ಕರ್ನಾಟಕ ಮತ್ತು ಕೇರಳ ತಂಡಗಳು ರಣಜಿ ಪಂದ್ಯ ಆಡಿದವು. ಕರ್ನಾಟಕ 5 ವಿಕೆಟ್‌ಗೆ 586 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಆರ್. ಸ್ಮರಣ್ ಔಟಾಗದೆ 220, ಕರುಣ್ ನಾಯರ್ 233. ಕರುಣ್ ಬೆಂಗಳೂರಿನಲ್ಲಿ ಬೆಳೆದ ಮಲಯಾಳಿ ಮನೆತನದ ಹುಡುಗ. ಊರು ಬಿಟ್ಟು ಊರಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಆ ದ್ವಿಶತಕ ಎರಡು ಕಡೆಯಿಂದಲೂ ನಮ್ಮದೇ ಅನಿಸಿದ್ದರೆ ಅಚ್ಚರಿಯಿಲ್ಲ.

ಮೂರನೆಯ ದಿನ ಕೇರಳ 238 ರನ್‌ಗಳಿಗೆ ಆಲೌಟ್ ಆಯಿತು. ಕರ್ನಾಟಕದ ಮುನ್ನಡೆ 348. ಆಗ ನಾಯಕ ಮಯಂಕ್ ಅಗರವಾಲ್ ಎದುರು ಎರಡು ದಾರಿ ಇದ್ದವು: ಎದುರಾಳಿಯನ್ನೇ ಮತ್ತೆ ಬ್ಯಾಟಿಂಗ್‌ಗೆ ಕರೆಯುವುದು, ಇಲ್ಲವೇ ತಾವೇ ಬ್ಯಾಟ್ ಮಾಡಿ ದೊಡ್ಡ ಗುರಿ ಒಡ್ಡುವುದು. ಮಯಂಕ್ ಫಾಲೋ ಆನ್ ಹೇರಿದರು.

ನೋಡುವವರಿಗೆ ಇದು ಸುಲಭದ ತೀರ್ಮಾನ. ಇಷ್ಟು ಮುನ್ನಡೆ ಇದ್ದರೆ ಯೋಚನೆ ಏಕೆ? ಆದರೆ ಟೆಸ್ಟ್ ನಾಯಕರನ್ನು ಇಷ್ಟು ಕಾಡುವ ಪ್ರಶ್ನೆಗಳು ಕಡಿಮೆ.

ನಿಯಮ ಸರಳ. ಐದು ದಿನದ ಟೆಸ್ಟ್‌ನಲ್ಲಿ ಕನಿಷ್ಠ 200, ನಾಲ್ಕು ದಿನದ ಪಂದ್ಯದಲ್ಲಿ 150 ರನ್ ಮುನ್ನಡೆ ಇದ್ದರೆ ಫಾಲೋ ಆನ್ ಹೇರಬಹುದು. ಹೇರಲೇಬೇಕೆಂದಿಲ್ಲ. ಕಷ್ಟ ಇರುವುದು ಆ ‘ಬಹುದು’ ಎಂಬ ಪದದಲ್ಲಿ.

ಕೋಲ್ಕತ್ತದ ನೆರಳು

ಈ ಪ್ರಶ್ನೆ ಬಂದಾಗಲೆಲ್ಲ 2001ರ ಕೋಲ್ಕತ್ತ ಟೆಸ್ಟ್ ನೆನಪಾಗುತ್ತದೆ. ಸತತ 16 ಟೆಸ್ಟ್ ಗೆದ್ದಿದ್ದ ಆಸ್ಟ್ರೇಲಿಯಾ 445 ಗಳಿಸಿ, ಭಾರತವನ್ನು 171ಕ್ಕೆ ಮುಗಿಸಿತ್ತು. ನಾಯಕ ಸ್ಟೀವ್ ವಾ ಫಾಲೋ ಆನ್ ಹೇರಿದರು. ಮುಂದಿನದು ಎಲ್ಲರಿಗೂ ಗೊತ್ತು. ಲಕ್ಷ್ಮಣ್ 281, ನಮ್ಮ ದ್ರಾವಿಡ್ 180. ನಾಲ್ಕನೆಯ ದಿನ ಇಡೀ ಒಂದು ವಿಕೆಟ್ ಬೀಳಲಿಲ್ಲ. ಬೌಲರ್‌ಗಳು ಬಿಸಿಲಲ್ಲಿ ಬೆಂದರು. ಕೊನೆಗೆ ಭಾರತ 171 ರನ್‌ಗಳಿಂದ ಗೆದ್ದಿತು.

ಸ್ಟೀವ್ ವಾ ತಪ್ಪು ಮಾಡಿದರೇ? 274 ರನ್ ಮುನ್ನಡೆ ಇದ್ದಾಗ ಹೆಚ್ಚಿನ ನಾಯಕರು ಅದನ್ನೇ ಮಾಡುತ್ತಿದ್ದರು. ಆದರೆ ಒಂದು ಪಾಠ ಉಳಿಯಿತು. ಎದುರಾಳಿ ಎಷ್ಟು ಹಿಂದಿದ್ದಾನೆ ಎಂದು ನೋಡಿದರೆ ಸಾಲದು, ನಮ್ಮ ಬೌಲರ್‌ಗಳ ಕಾಲಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನೂ ನೋಡಬೇಕು.

ದ್ರಾವಿಡ್ ಕೊಟ್ಟ ಎರಡು ಉತ್ತರ

ಅಂದು ಬ್ಯಾಟ್ ಹಿಡಿದು ಆ ಪಾಠ ಕಲಿಸಿದ ದ್ರಾವಿಡ್, ನಾಯಕರಾದಾಗ ಒಂದೇ ಪ್ರಶ್ನೆಗೆ ಎರಡು ಬೇರೆ ಉತ್ತರ ಕೊಟ್ಟರು. 2004ರ ಮುಲ್ತಾನ್ ಟೆಸ್ಟ್‌ನಲ್ಲಿ ಗಂಗೂಲಿ ಬದಲಿಗೆ ತಂಡ ನಡೆಸಿದಾಗ ಭಾರತ 5 ವಿಕೆಟ್‌ಗೆ 675 ಗಳಿಸಿತ್ತು. ಪಾಕಿಸ್ತಾನ 407ಕ್ಕೆ ಔಟಾದಾಗ ಅವರು ಫಾಲೋ ಆನ್ ಹೇರಿ, ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದರು. ಪಾಕಿಸ್ತಾನದ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಜಯ.

ಮೂರು ವರ್ಷದ ನಂತರ ಓವಲ್‌ನಲ್ಲಿ ಮುನ್ನಡೆ ಇನ್ನೂ ದೊಡ್ಡದಿತ್ತು, 319 ರನ್. ಆದರೂ ದ್ರಾವಿಡ್ ಫಾಲೋ ಆನ್ ಹೇರಲಿಲ್ಲ. ಭಾರತ ಮತ್ತೆ ಬ್ಯಾಟ್ ಮಾಡಿ 11 ರನ್‌ಗೆ 3 ವಿಕೆಟ್ ಕಳೆದುಕೊಂಡಿತು. ಕೊನೆಗೆ 500 ರನ್ ಗುರಿ ಒಡ್ಡಿತು, ಇಂಗ್ಲೆಂಡ್ 6 ವಿಕೆಟ್‌ಗೆ 369 ಗಳಿಸಿ ಡ್ರಾ ಮಾಡಿಕೊಂಡಿತು. ಗೆಲುವು ಕೈಬಿಟ್ಟರೆಂದು ಟೀಕೆ ಸಾಕಷ್ಟು ಬಂತು.

ಆದರೆ ಲೆಕ್ಕ ನೋಡಿ. ಭಾರತ ಸರಣಿಯಲ್ಲಿ 1-0 ಮುಂದಿತ್ತು, ಅದು ಕೊನೆಯ ಟೆಸ್ಟ್. ಸರಣಿ ಗೆಲ್ಲಲು ಡ್ರಾ ಸಾಕು. ಜಹೀರ್, ಆರ್.ಪಿ. ಸಿಂಗ್, ಕುಂಬ್ಳೆ ಜೊತೆಗೆ ಎರ್ನಾಕುಳಂ ಜಿಲ್ಲೆಯ ನಮ್ಮ ನೆರೆಯ ಶ್ರೀಶಾಂತ್, ಈ ನಾಲ್ವರೇ ಮುಖ್ಯ ಬೌಲರ್‌ಗಳು. ಅವರನ್ನು ವಿಶ್ರಾಂತಿ ಇಲ್ಲದೆ ದುಡಿಸಿ ಕೋಲ್ಕತ್ತವನ್ನು ತಲೆಕೆಳಗಾಗಿ ಕಾಣುವ ಅಪಾಯ ದ್ರಾವಿಡ್‌ಗೆ ಬೇಕಿರಲಿಲ್ಲ. ಇಂಗ್ಲೆಂಡ್‌ನಲ್ಲಿ 1986ರ ನಂತರ ಮೊದಲ ಸರಣಿ ಜಯ ಭಾರತದ್ದಾಯಿತು.

2022ರ ಡಿಸೆಂಬರ್‌ನಲ್ಲಿ ಚಟ್ಟೋಗ್ರಾಮದಲ್ಲಿ ಕೆ.ಎಲ್. ರಾಹುಲ್ ನಾಯಕ, ದ್ರಾವಿಡ್ ಕೋಚ್. ಬಾಂಗ್ಲಾದೇಶದ ವಿರುದ್ಧ 254 ರನ್ ಮುನ್ನಡೆ ಸಿಕ್ಕರೂ ರಾಹುಲ್ ಫಾಲೋ ಆನ್ ಹೇರದೆ 513 ರನ್ ಗುರಿ ಒಡ್ಡಿದರು. ಭಾರತ 188 ರನ್‌ಗಳಿಂದ ಗೆದ್ದಿತು. ತೀರ್ಮಾನ ಓವಲ್‌ನದೇ, ಫಲಿತಾಂಶ ಬೇರೆ. ಹಾಗಾಗಿ ಫಲಿತಾಂಶ ನೋಡಿ ನಾಯಕನ ಜಾಣ್ಮೆ ಅಳೆಯುವುದು ಅಷ್ಟು ನ್ಯಾಯವಲ್ಲ.

ಮಂಗಲಪುರಂ ಲೆಕ್ಕ

ಮಯಂಕ್ ಅವರ ಲೆಕ್ಕದಲ್ಲಿ ಟೆಸ್ಟ್ ನಾಯಕರಿಗೆ ಇಲ್ಲದ ಇನ್ನೊಂದು ಅಂಶ ಇತ್ತು. ರಣಜಿ ಲೀಗ್‌ನಲ್ಲಿ ಗೆದ್ದರೆ 6 ಅಂಕ, ಮೊದಲ ಇನಿಂಗ್ಸ್ ಮುನ್ನಡೆಯೊಂದಿಗೆ ಡ್ರಾ ಆದರೆ 3. ಇನಿಂಗ್ಸ್ ಅಥವಾ 10 ವಿಕೆಟ್ ಅಂತರದಿಂದ ಗೆದ್ದರೆ ಬೋನಸ್ ಸೇರಿ 7. ತಾವೇ ಮತ್ತೆ ಬ್ಯಾಟ್ ಮಾಡಿ ಗುರಿ ಒಡ್ಡಿದರೆ ಆ ಬೋನಸ್ ಅಂಕ ಅಲ್ಲಿಗೇ ಮುಗಿಯಿತು. ಉಳಿದಿದ್ದ ಸಮಯವೂ ಒಂದು ದಿನ ಮತ್ತು ಸ್ವಲ್ಪ ಹೊತ್ತು ಅಷ್ಟೇ.

ಬೌಲರ್‌ಗಳ ದಣಿವು? ಅದಕ್ಕೆ ಗಡಿಯಾರವೇ ಉತ್ತರ ಕೊಟ್ಟಿತು. ಮೂರನೆಯ ದಿನದ ಆಟ ಮುಗಿದಾಗ ಎರಡನೆಯ ಇನಿಂಗ್ಸ್‌ನಲ್ಲಿ ಕೇರಳ ವಿಕೆಟ್ ನಷ್ಟವಿಲ್ಲದೆ 10. ಬೌಲರ್‌ಗಳಿಗೆ ಒಂದು ರಾತ್ರಿಯ ವಿಶ್ರಾಂತಿ ದಕ್ಕಿತು. ಮೊದಲ ಇನಿಂಗ್ಸ್‌ನಲ್ಲಿ ವಿದ್ವತ್ ಕಾವೇರಪ್ಪ 4 ವಿಕೆಟ್ ಪಡೆದಿದ್ದರು. ಕೊನೆಯ ದಿನ ಸ್ಪಿನ್ನರ್ ಮೊಹ್ಸಿನ್ ಖಾನ್ 29 ರನ್‌ಗೆ 6 ವಿಕೆಟ್ ಕಿತ್ತರು. ಕೇರಳ 184ಕ್ಕೆ ಆಲೌಟ್, ಕರ್ನಾಟಕಕ್ಕೆ ಇನಿಂಗ್ಸ್ ಮತ್ತು 164 ರನ್ ಜಯ, 7 ಅಂಕ. ಹಿಂದಿನ ಋತುವಿನಲ್ಲಿ ಫೈನಲ್ ತಲುಪಿದ್ದ ತಂಡವನ್ನು ಅವರದೇ ಅಂಗಳದಲ್ಲಿ ಸೋಲಿಸಿದ ಗೆಲುವು ಇದು.

ತಿರುವನಂತಪುರವಾಗಲಿ ಕೊಚ್ಚಿಯಾಗಲಿ ಈವರೆಗೆ ಟೆಸ್ಟ್ ಪಂದ್ಯ ಕಂಡಿಲ್ಲ. ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರ 1951ರಲ್ಲೇ ಪೂಜಾ ಟೂರ್ನಿಯ ಮೂಲಕ ಸೀಮಿತ ಓವರ್ ಆಟ ಆಡಿಸಿದ ಊರು. ಆ ಆಟದಲ್ಲಿ ಫಾಲೋ ಆನ್ ಎಂಬ ತಲೆನೋವೇ ಇಲ್ಲ. ಇಲ್ಲಿನ ನಮಗೆ ನಾಯಕನ ಇಂಥ ಸಂಕಟವನ್ನು ಹತ್ತಿರದಿಂದ ನೋಡಲು ಸಿಗುವುದು ರಣಜಿ ಪಂದ್ಯ ಮಾತ್ರ. ಮುಂದಿನ ಸಲ ಕರ್ನಾಟಕ ಇಲ್ಲಿಗೆ ಬಂದಾಗ ಮೈದಾನಕ್ಕೆ ಹೋಗಿ. ಹತ್ತನೆಯ ವಿಕೆಟ್ ಬಿದ್ದಾಗ ಸ್ಕೋರ್ ಬೋರ್ಡ್ ಮಾತ್ರ ನೋಡಬೇಡಿ, ಪೆವಿಲಿಯನ್ ಕಡೆ ನಡೆಯುವ ವೇಗದ ಬೌಲರ್‌ಗಳ ನಡಿಗೆಯನ್ನೂ ನೋಡಿ. ನಾಯಕನೂ ಅದನ್ನೇ ನೋಡುತ್ತಿರುತ್ತಾನೆ.