ಅಪ್ಪನ ಹೆರಾಲ್ಡ್‌ಗೆ ಇಳಕಲ್ ಹುರಿ!
ಸಿನಿಮಾದಲ್ಲಿ ಕಾರಿನ ಗಾಜು ಒಡೆದರೆ ಚಪ್ಪಾಳೆ. ನಮ್ಮ ಮನೇಲಿ ಒಡೆದರೆ ಗೋಳು! ಅಪ್ಪನದು ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಸ್ಪೋರ್ಟ್ಸ್ ಕಾರು ಸ್ಪಿಟ್‌ಫೈರ್‌ಗೆ ಇದು ಅಣ್ಣ. ಇದರ ಗಾಜು ಈಗೆಲ್ಲಿ ಸಿಗಬೇಕು ಹೇಳಿ?

ಬಾದಾಮಿಯಿಂದ ಬರುವಾಗ ಮಳೆನೀರು ಅಪ್ಪನ ಧೋತರಕ್ಕೇ ಸೋರಿತು. ಹುನಗುಂದದ ಅಂಗಳದಲ್ಲೇ ಹಳೇ ರಬ್ಬರು ಕೊಯ್ದು ಗಾಜು ಇಳಿಸಿದೆವು. ಹೊಸ ರಬ್ಬರನ್ನು ಗಾಜಿಗೆ ತೊಡಿಸಿ, ಅದರ ಹೊರಸಂದಿಗೆ ಇಳಕಲ್ ಕಾಕಾ ತಂದ ಹುರಿ ಸುತ್ತಿ, ಸಾಬೂನು ನೀರು ಬಳಿದಾಯ್ತು. ನಾನು ಹೊರಗಿನಿಂದ ಒತ್ತಿದೆ. ಕಾಕಾ ಒಳಗೆ ಕೂತು ಹುರಿ ಎಳೆದರು. ರಬ್ಬರಿನ ತುಟಿ ತಗಡಿನಂಚು ದಾಟಿ ಒಳಬಂತು.

ಮೂಲೆಯಲ್ಲಿ ಬಿಗಿಯಿತು. ಗುದ್ದಲು ಕೈಯೆತ್ತಿದೆ.

“ಗುದ್ದಬ್ಯಾಡೋ ತಮ್ಮಾ, ಗಾಜು ಹೋದೀತು! ಸಾಬೂನು ಹಚ್ಚು!”

ಹಚ್ಚಿದೆ. ಟಪ್ಪೆಂದು ಕೂತಿತು. ಅಪ್ಪ ಕೊಡ ನೀರು ಸುರಿದರು. ಒಳಗೆ ಹನಿಯೂ ಇಲ್ಲ!