ಹಾರ ಬೇಡ, ಒಂದು ವಾರ ಕೊಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರಿನವರಾದರೂ ಶಾಲಾ ಕ್ರೀಡಾಕೂಟದಲ್ಲಿ ನಮ್ಮದೇ ಬೇರೆ ಜಿಲ್ಲೆ. ಕೊಕ್ಕೊ, ಕಬಡ್ಡಿ ಅಂದರೆ ನಮ್ಮ ಹುಡುಗರು ಊಟ ಬಿಟ್ಟು ಆಡುತ್ತಾರೆ. ಫುಟ್‌ಬಾಲ್ ಕಥೆಯೇ ಬೇರೆ. ಕ್ರೀಡಾಕೂಟಕ್ಕೆ ಹತ್ತು ದಿನ ಇದೆ ಅನ್ನುವಾಗ ‘ಯಾರ್ಯಾರು ಬರ್ತೀರೋ, ಕೈ ಎತ್ತಿ’ ಎಂದು ಹನ್ನೊಂದು ಜನರನ್ನು ಹೊಂದಿಸುವುದು. ಜೋರಾಗಿ ಓಡುವವನು ಫಾರ್ವರ್ಡ್, ಉದ್ದ ಇರುವವನು ಗೋಲ್‌ಕೀಪರ್, ಉಳಿದವರೆಲ್ಲ ಚೆಂಡಿನ ಹಿಂದೆ!

ನಾನೂ ಹಾಗೆ ಕೈ ಎತ್ತಿದವನೇ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, ನೆಂಟರ ಮದುವೆಗೆ ಬಂದಿದ್ದ ಹಿರಿಯರೊಬ್ಬರು ನಮ್ಮ ಆಟ ನೋಡುತ್ತಾ ನಿಂತಿದ್ದರು. ಬೆಂಗಳೂರಿನ ಕ್ಲಬ್ಬೊಂದಕ್ಕೆ ವರ್ಷಗಟ್ಟಲೆ ಆಡಿದ್ದವರಂತೆ. ಪಂಚೆ ಎತ್ತಿ ಕಟ್ಟಿ ಮೈದಾನಕ್ಕಿಳಿದೇ ಬಿಟ್ಟರು. ಗೋಲು ಹೊಡೆಯುವುದನ್ನು ಹೇಳಿಕೊಡಲಿಲ್ಲ. ಕಾಲಿನ ಒಳಬದಿಯಿಂದ ಪಾಸ್ ಕೊಡುವುದು, ಬಂದ ಚೆಂಡನ್ನು ಪಾದ ಸ್ವಲ್ಪ ಹಿಂದಕ್ಕೆಳೆದು ಮೆತ್ತಗೆ ನಿಲ್ಲಿಸುವುದು, ಚೆಂಡು ತಲುಪುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುವುದು. ಮೂರೇ ಪಾಠ, ಒಂದು ಗಂಟೆ. ಆ ವರ್ಷ ನಮ್ಮ ತಂಡ ಮೊದಲ ಬಾರಿಗೆ ಚೆಂಡಿನ ಹಿಂದೆ ಗುಂಪಾಗಿ ಓಡದೆ ಆಡಿತು. ಸೋತೆವು, ಆ ಮಾತು ಬೇರೆ. ಆದರೆ ಎರಡನೇ ಗಂಟೆ ಯಾವತ್ತೂ ಸಿಗಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಗೆಳೆಯ ಎಸ್ಸೆಸ್ಸೆಲ್ಸಿ ಮುಗಿಸಿದವನು ಮತ್ತೆ ಚೆಂಡು ಮುಟ್ಟಲಿಲ್ಲ.

ಈಗ ಬೆಂಗಳೂರಿನ ಗೌತಮಪುರ ನೋಡಿ. ಹಲಸೂರಿನ ಪಕ್ಕದ ಪುಟ್ಟ ಬಡಾವಣೆ. ಜನ ಅದನ್ನು ‘ಮಿನಿ ಬ್ರೆಜಿಲ್’ ಅನ್ನುತ್ತಾರೆ, ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಭಾರತಕ್ಕೆ ಆಡಿದವರು ಅಲ್ಲಿಂದ ಬಂದಿದ್ದಾರೆ. ಅಲ್ಲಿನ ಮಕ್ಕಳಿಗೆ ಮಾಜಿ ಆಟಗಾರ ‘ಭೇಟಿ’ ಕೊಡಬೇಕಿಲ್ಲ, ಪಕ್ಕದ ಬೀದಿಯಲ್ಲೇ ಇರುತ್ತಾರೆ. ತಪ್ಪು ಪಾಸ್ ಕೊಟ್ಟರೆ ಬೈಯಲು ಒಬ್ಬ ಅಣ್ಣನೋ ಮಾವನೋ ಇದ್ದೇ ಇರುತ್ತಾರೆ. ಆ ಮಕ್ಕಳ ಕಾಲಿಗೂ ನಮ್ಮ ಪಾವಗಡದ ಮಕ್ಕಳ ಕಾಲಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಆ ಬೈಗುಳದಲ್ಲಿ!

ಇದನ್ನು ಚೆನ್ನಾಗಿ ಅರಿತಿದ್ದವರು ಬೆಂಗಳೂರಿನವರೇ ಆದ ಕಾರ್ಲ್‌ಟನ್ ಚಾಪ್‌ಮನ್. ಭಾರತ ತಂಡದ ಮಾಜಿ ನಾಯಕ. 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ತಂಡದ ವಿರುದ್ಧ ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಾಗ ಹ್ಯಾಟ್ರಿಕ್ ಹೊಡೆದವರು ಇವರೇ. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ತಂಡದಲ್ಲೂ ಇದ್ದರು. 2001ರಲ್ಲಿ ಆಟ ನಿಲ್ಲಿಸಿದ ಮೇಲೆ ಹಳೆಯ ಫೋಟೊಗಳನ್ನು ನೋಡುತ್ತಾ ಕೂರಬಹುದಿತ್ತು. ಕೂರಲಿಲ್ಲ. ಹುಡುಗನಾಗಿದ್ದಾಗ ತಾವು ಕಲಿತಿದ್ದ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೇ ತರಬೇತುದಾರರಾಗಿ ವಾಪಸ್ ಹೋದರು. ಆಮೇಲೆ ಶಿಲ್ಲಾಂಗ್, ಕೋಲ್ಕತ್ತ, ಕೋಯಿಕ್ಕೋಡ್ ಎಂದು ಊರೂರು ಸುತ್ತಿ ಹುಡುಗರಿಗೆ ಹೇಳಿಕೊಟ್ಟರು. 2020ರ ಅಕ್ಟೋಬರ್ 12ರಂದು ತೀರಿಕೊಂಡಾಗ ಅವರಿಗೆ ಬರೀ 49 ವರ್ಷ.

‘ಅದೆಲ್ಲ ದೊಡ್ಡ ಅಕಾಡೆಮಿಗಳ ಮಾತು, ಹಳ್ಳಿಗೆ ಯಾರು ಬರ್ತಾರೆ?’ ಅನ್ನಬೇಡಿ. ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯ ಬಿಚಾರ್‌ಪುರ ಬುಡಕಟ್ಟು ಜನರ ಪುಟ್ಟ ಹಳ್ಳಿ. ಒಂದು ಕಾಲಕ್ಕೆ ಕಳ್ಳಬಟ್ಟಿಗೆ ಹೆಸರಾಗಿತ್ತು. ಅಲ್ಲಿನ ಮಕ್ಕಳ ಕಾಲ್ಚಳಕ ಗಮನಿಸಿದವರು ಮಾಜಿ ರಾಷ್ಟ್ರೀಯ ಆಟಗಾರ ರಯೀಸ್ ಅಹ್ಮದ್. ಸೌಕರ್ಯ ಇಲ್ಲ ಎಂದು ಗೊಣಗದೆ ಕಲಿಸುತ್ತಾ ಹೋದರು. ಇವತ್ತು ಆ ಊರಿಗೂ ‘ಮಿನಿ ಬ್ರೆಜಿಲ್’ ಎಂದೇ ಹೆಸರು. 2023ರ ಜುಲೈನಲ್ಲಿ ಪ್ರಧಾನಿಯ ‘ಮನದ ಮಾತು’ ಕಾರ್ಯಕ್ರಮದಲ್ಲೂ ಆ ಹಳ್ಳಿಯ ಕಥೆ ಬಂತು.

ನಮ್ಮ ಕಡೆ ಮಾಜಿ ಆಟಗಾರರನ್ನು ಕರೆಯುವುದೇ ಇಲ್ಲ ಎಂದಲ್ಲ. ಕರೆಯುತ್ತೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಪೇಟ. ವೇದಿಕೆ ಮೇಲೆ ಹದಿನಾರು ಜನ ಗಣ್ಯರು. ಎಲ್ಲರ ಭಾಷಣ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ, ಸಾಲಾಗಿ ಕೂತ ಮಕ್ಕಳು ಆಕಳಿಸುತ್ತಿರುತ್ತಾರೆ. ಕೊನೆಗೆ ಅತಿಥಿ ಫೋಟೊಗೆಂದು ಚೆಂಡನ್ನು ಒಮ್ಮೆ ಒದ್ದು ಕಾರು ಹತ್ತುತ್ತಾರೆ. ಇಪ್ಪತ್ತು ವರ್ಷ ಆಡಿದ ಕಾಲುಗಳಿಂದ ನಮಗೆ ಸಿಕ್ಕಿದ್ದು ಅದೊಂದೇ ಒದೆತ. ತಪ್ಪು ಅವರದಲ್ಲ, ನಾವು ಕೇಳಿದ್ದೇ ಅಷ್ಟು.

2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಕಾದು ಸಿಕ್ಕ ಕಪ್. ಅಂಥ ತಂಡ ಕಟ್ಟಬಲ್ಲ ರಾಜ್ಯದಲ್ಲಿ ಆಡಿ ಬಿಟ್ಟವರಿಗೆ ಬರವೇ? ಬೆಂಗಳೂರಿನಿಂದ ಮಧುಗಿರಿಗೆ ಹೆಚ್ಚು ಕಡಿಮೆ ನೂರು ಕಿಲೋಮೀಟರ್. ಬೆಳಿಗ್ಗೆ ತಿಂಡಿ ತಿಂದು ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು.

ಆದ್ದರಿಂದ ಮಾಜಿ ಆಟಗಾರರೇ, ನಮ್ಮದೊಂದು ಮನವಿ. ಶಾಲೆ ಶುರುವಾಗುವ ಜೂನ್‌ಗೂ ಕ್ರೀಡಾಕೂಟಗಳಿಗೂ ನಡುವೆ ಒಂದು ವಾರ ಕೊಡಿ. ಮಕ್ಕಳ ಜೊತೆಗೆ ನಮ್ಮ ದೈಹಿಕ ಶಿಕ್ಷಕರಿಗೂ ನಾಲ್ಕು ಡ್ರಿಲ್ ಹೇಳಿಕೊಡಿ. ನೀವು ಹೋದ ಮೇಲೂ ಅವರು ಇಲ್ಲೇ ಇರುತ್ತಾರಲ್ಲ! ಕಾಲೇಜು ತಂಡಗಳಲ್ಲಿ ಆಡುವ ನನ್ನಂಥ ಬಿ.ಇ. ಹುಡುಗರು ಭಾನುವಾರ ಊರಿಗೆ ಬಂದು ಅದನ್ನೇ ಮುಂದುವರಿಸುತ್ತೇವೆ. ಮೈದಾನದಲ್ಲಿ ಹುಲ್ಲಿಲ್ಲ, ಗರಸು ಮಣ್ಣು. ಅರ್ಧ ಮಕ್ಕಳ ಕಾಲಿಗೆ ಶೂ ಇಲ್ಲ. ಆದರೆ ಕೈ ಎತ್ತಿ ಎಂದರೆ ಹನ್ನೊಂದಲ್ಲ, ನೂರಾ ಹನ್ನೊಂದು ಕೈ ಮೇಲೇಳುತ್ತವೆ. ಉಳಿಯಲು ಮನೆ, ಉಣ್ಣಲು ಮುದ್ದೆ-ಸಾರು ನಮ್ಮ ಜವಾಬ್ದಾರಿ. ಬಸ್‌ಸ್ಟ್ಯಾಂಡಿಗೆ ಬೈಕ್ ನಾನೇ ತರುತ್ತೇನೆ.