ಬೀಟೆ ಹೋಗಿ ಮತ್ತಿ ಬಂತು: ಮಿತದರದ ಎಲೆಕ್ಟ್ರಿಕ್ ಗಿಟಾರ್ ಮತ್ತು ಕೊಡಗಿನ ಗ್ರಾಹಕ

ರೋಬಸ್ಟಾ ಕೊಯ್ಲು ಮುಗಿದು, ಕಣದ ಕಾಫಿ ಮೂಟೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಮಾರ್ಚ್ ತಿಂಗಳು ಕೊಡಗಿನ ಚಿಲ್ಲರೆ ವ್ಯಾಪಾರಕ್ಕೆ ಹಬ್ಬದ ಕಾಲ. ದ್ವಿಚಕ್ರ ವಾಹನ, ಗೃಹೋಪಕರಣ, ಚಿನ್ನ ಇವೆಲ್ಲ ವರ್ತಕರ ಲೆಕ್ಕದಲ್ಲಿ ಇರುವಂಥವೇ. ಆದರೆ ಯಾವ ಅಂಗಡಿಯ ಖಾತೆಗೂ ಸುಲಭವಾಗಿ ಸಿಗದ ಒಂದು ಸಣ್ಣ ಖರೀದಿ ಇದೆ: ಮನೆಯಲ್ಲಿ ಈಗಾಗಲೇ ಒಂದೋ ಎರಡೋ ಗಿಟಾರ್ ಇಟ್ಟುಕೊಂಡಿರುವ ಹವ್ಯಾಸಿ ತನ್ನ ಸಂಗ್ರಹಕ್ಕೆ ಸೇರಿಸಲು ಕೊಳ್ಳುವ ಮತ್ತೊಂದು ಎಲೆಕ್ಟ್ರಿಕ್ ಗಿಟಾರ್. ಸೈನ್ಯದ ನಂಟು, ತೋಟಗಾರರ ಕ್ಲಬ್ಬುಗಳು, ಮದುವೆಯ ಮನೆಯ ಕುಣಿತ ಇವುಗಳಿಂದಾಗಿ ಪಾಶ್ಚಾತ್ಯ ಸಂಗೀತ ಈ ಜಿಲ್ಲೆಗೆ ಹೊಸತಲ್ಲ. ಹೊಸತಾಗಿರುವುದು ಬೆಲೆ. ಒಂದು ಕಾಲದಲ್ಲಿ ವಿದೇಶದಿಂದ ಬರುವ ಬಂಧುವಿನ ಕೈಚೀಲದಲ್ಲಿ ಮಾತ್ರ ಬರಬಹುದಾಗಿದ್ದ ಹೆಸರುಗಳು ಇಂದು ರೂ. 15,000ದಿಂದ 40,000ದ ನಡುವೆ ಮನೆ ಬಾಗಿಲಿಗೆ ಬರುತ್ತವೆ.

ಮೊದಲ ಗಿಟಾರನ್ನು ಆಸೆಯ ಬಲದಿಂದ ಕೊಳ್ಳಲಾಗುತ್ತದೆ. ಮೂರನೆಯದನ್ನು ಹಾಗೆ ಕೊಂಡವರು ವರ್ಷದೊಳಗೆ ಅದನ್ನು ಅರ್ಧ ಬೆಲೆಗೆ ಮಾರಲು ಹೊರಡುವುದುಂಟು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡು ಪಟ್ಟಿಗೂ ಹೆಚ್ಚು ದೂರ. ಜಿಲ್ಲೆಯಲ್ಲಿ ರೈಲು ಹಳಿಯಿಲ್ಲ. ವಾದ್ಯವನ್ನು ಕೈಯಲ್ಲಿ ಹಿಡಿದು ನೋಡದೆ ಚಿತ್ರ ನೋಡಿ ಕೊಳ್ಳುವವರೇ ಹೆಚ್ಚಾಗಿರುವ ಊರಿನಲ್ಲಿ ತಪ್ಪು ಆಯ್ಕೆಯ ವೆಚ್ಚವೂ ಹೆಚ್ಚು. ವಾದ್ಯ ಹಿಂದಿರುಗಿಸಲು ಒಂದು ದಿನದ ಪ್ರಯಾಣ, ದುರಸ್ತಿಗೆ ಮತ್ತೊಂದು ದಿನದ ಪ್ರಯಾಣ.

ಬೆಲೆಯ ಹಿಂದಿನ ಕಥೆ

ಎಲೆಕ್ಟ್ರಿಕ್ ಗಿಟಾರಿನ ಮೂರು ಮೂಲ ಮಾದರಿಗಳು ಎಪ್ಪತ್ತು ವರ್ಷಗಳಷ್ಟು ಹಳೆಯವು. ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್ 1950ರ ದಶಕದ ಆರಂಭದ್ದು, ಗಿಬ್ಸನ್ ಕಂಪನಿಯ ಲೆಸ್ ಪಾಲ್ 1952ರದ್ದು, ಸ್ಟ್ರಾಟೊಕ್ಯಾಸ್ಟರ್ 1954ರದ್ದು. ಇಂದು ಮಾರುಕಟ್ಟೆಯಲ್ಲಿ ಸಿಗುವ ಮಿತದರದ ವಾದ್ಯಗಳಲ್ಲಿ ಬಹುಪಾಲು ಈ ಮೂರರ ಮಕ್ಕಳು ಮೊಮ್ಮಕ್ಕಳೇ. ಮೂಲ ಕಂಪನಿಗಳೇ ಅಗ್ಗದ ಹೆಸರುಗಳನ್ನು ಸಾಕಿಕೊಂಡಿವೆ. ಸ್ಕ್ವಾಯರ್ ಎಂಬ ತಂತಿ ತಯಾರಿಕಾ ಸಂಸ್ಥೆಯನ್ನು ಫೆಂಡರ್ 1965ರಲ್ಲಿ ಕೊಂಡಿತು. 1982ರಲ್ಲಿ ಜಪಾನಿನಲ್ಲಿ ತಯಾರಾದ ಗಿಟಾರುಗಳಿಗೆ ಆ ಹೆಸರನ್ನಿಟ್ಟಿತು. ಎಪಿಫೋನ್ ಸಂಸ್ಥೆ 1957ರಲ್ಲಿ ಗಿಬ್ಸನ್ ಒಡೆತನಕ್ಕೆ ಬಂತು. ಜಪಾನಿನಲ್ಲಿ ಕೂಲಿ ಏರಿದಾಗ ತಯಾರಿಕೆ ಕೊರಿಯಾಕ್ಕೆ, ಕೊರಿಯಾದಲ್ಲಿ ಏರಿದಾಗ ಇಂಡೋನೇಷ್ಯಾ ಮತ್ತು ಚೀನಾಕ್ಕೆ ಸಾಗಿತು. ಜವಳಿ, ಪಾದರಕ್ಷೆಗಳ ದಾರಿಯೂ ಇದೇ ಆಗಿರುವುದರಿಂದ ವರ್ತಕರಿಗೆ ಇದು ಅಪರಿಚಿತವಲ್ಲ.

ಭಾರತದಲ್ಲಿ ಕೋಲ್ಕತ್ತಾ ನಗರ ಹಿಂದಿನಿಂದಲೂ ಗಿಟಾರ್ ತಯಾರಿಕೆಯ ಕೇಂದ್ರ. ಗಿವ್ಸನ್ ಹೆಸರಿನ ವಾದ್ಯ ಒಂದು ಇಡೀ ಪೀಳಿಗೆಯ ಮೊದಲ ಗಿಟಾರ್. ಅದರ ತಂತಿ ಒತ್ತಿ ಬೆರಳಿನಲ್ಲಿ ರಕ್ತ ಬರಿಸಿಕೊಂಡವರು ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಸಂಗ್ರಹಕ್ಕಾಗಿ ಕೊಳ್ಳುವವರಲ್ಲಿ ಅವರ ಪಾಲೂ ಇದೆ.

ತೆರಿಗೆಯ ವಿಷಯದಲ್ಲಿ ಒಂದು ಮಾತು. ಮರದ ಟೊಳ್ಳು ಗಿಟಾರ್ ಸುಂಕದ ಪಟ್ಟಿಯಲ್ಲಿ 9202ನೇ ಶೀರ್ಷಿಕೆಗೆ ಸೇರಿದರೆ, ವಿದ್ಯುತ್ತಿನಿಂದ ಧ್ವನಿ ಹಿಗ್ಗಿಸಬೇಕಾದ ಗಿಟಾರ್ 9207ಕ್ಕೆ ಸೇರುತ್ತದೆ. ಸರಕು ಮತ್ತು ಸೇವಾ ತೆರಿಗೆ ಜಾರಿಯಾದ 2017ರ ಜುಲೈನಲ್ಲಿ ಇವುಗಳ ಮೇಲೆ ಶೇ. 28 ಬಿದ್ದಿತ್ತು, ಅದೇ ವರ್ಷದ ನವೆಂಬರಿನಲ್ಲಿ ಗುವಾಹಟಿಯಲ್ಲಿ ಸೇರಿದ ಮಂಡಳಿ ಅದನ್ನು ಶೇ. 18ಕ್ಕೆ ಇಳಿಸಿತು. ವಿದೇಶಿ ಅಂತರ್ಜಾಲ ಅಂಗಡಿಯ ಬೆಲೆ ನೋಡಿ ಹಿಗ್ಗುವವರು ಸಾಗಣೆ, ಆಮದು ಸುಂಕ ಮತ್ತು ಈ ತೆರಿಗೆಯನ್ನು ಕೂಡಿಸಿ ನೋಡಿದಲ್ಲಿ ಬೆಂಗಳೂರಿನ ಅಂಗಡಿಯೇ ವಾಸಿ ಎನಿಸುವುದು ಸಾಮಾನ್ಯ.

ಇರುವುದರಂಥದ್ದು ಬೇಡ

ಸಂಗ್ರಹಕ್ಕೆ ಸೇರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಂಪನಿ ಎಂಬುದಲ್ಲ, ಮನೆಯಲ್ಲಿರುವ ವಾದ್ಯ ಏನನ್ನು ಮಾಡಲಾರದು ಎಂಬುದು. ಎಲೆಕ್ಟ್ರಿಕ್ ಗಿಟಾರಿನ ಸ್ವರಕ್ಕೆ ಮುಖ್ಯ ಆಧಾರ ಪಿಕಪ್, ಅಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಸೂಕ್ಷ್ಮ ವಿದ್ಯುತ್ ಹುಟ್ಟುತ್ತದೆ. ಒಂಟಿ ಸುರುಳಿಯ ಪಿಕಪ್ ಸ್ವಚ್ಛವಾಗಿ, ತುಸು ಚೂಪಾಗಿ ಹಾಡುತ್ತದೆ. ಸ್ಟ್ರಾಟೊಕ್ಯಾಸ್ಟರ್, ಟೆಲಿಕ್ಯಾಸ್ಟರ್ ಮಾದರಿಗಳದ್ದು ಇದೇ ಕಂಠ. ಅದರ ದೋಷವೆಂದರೆ ಸುತ್ತಲಿನ ವಿದ್ಯುತ್ ಜಾಲದ ಗುಂಯ್‌ಗುಡುವಿಕೆಯನ್ನೂ ಹಿಡಿದು ಕೇಳಿಸುವುದು. ಗಿಬ್ಸನ್‌ನ ತಂತ್ರಜ್ಞ ಸೆತ್ ಲವರ್ 1955ರ ಸುಮಾರಿಗೆ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಆ ಸದ್ದನ್ನು ಅಡಗಿಸಿದರು. ಹಂಬಕರ್ ಎಂದು ಹೆಸರಾದ ಆ ಜೋಡಿ ಸುರುಳಿಯ ಧ್ವನಿ ದಪ್ಪ, ತುಂಬು.

ಈ ವಿವರ ಕೊಡಗಿನಲ್ಲಿ ಬರಿಯ ಪಾಠವಾಗಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋಗುವುದು ಇಲ್ಲಿ ನಿತ್ಯದ ಮಾತು. ಒಂಟಿ ತೋಟದ ಮನೆಗಳು ಇನ್‌ವರ್ಟರ್ ಅಥವಾ ಜನರೇಟರ್ ನಂಬಿ ನಡೆಯುತ್ತವೆ. ಅಗ್ಗದ ಚೌಕ ಅಲೆಯ ಇನ್‌ವರ್ಟರ್ ಮೇಲೆ ಆಂಪ್ಲಿಫೈಯರ್ ಇಟ್ಟು ಒಂಟಿ ಸುರುಳಿಯ ಗಿಟಾರ್ ನುಡಿಸಿದರೆ ಕೇಳುವುದು ಸಂಗೀತಕ್ಕಿಂತ ಹೆಚ್ಚಾಗಿ ಜೇನುಗೂಡು. ಅರ್ಥಿಂಗ್ ಸರಿಯಿಲ್ಲದ ಹಳೆಯ ಬಂಗಲೆಗಳಲ್ಲೂ ಇದೇ ಕಥೆ. ಅಂಥ ಮನೆಯವರು ಹಂಬಕರ್ ಇರುವ ವಾದ್ಯಕ್ಕೆ ಕೈಹಾಕುವುದು ಲೇಸು. ಹೇಗೂ ಮೊದಲ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೊಕ್ಯಾಸ್ಟರ್ ಮಾದರಿಯದ್ದೇ ಆಗಿರುವ ಸಂಭವ ಹೆಚ್ಚಾದ್ದರಿಂದ, ಎರಡನೆಯದಾಗಿ ಲೆಸ್ ಪಾಲ್ ಮಾದರಿಯ ಒಂದು ಎಪಿಫೋನ್ ನಿಜವಾಗಿಯೂ ಹೊಸ ಕಂಠವನ್ನು ಮನೆಗೆ ತರುತ್ತದೆ. ತಂತಿಯ ಉದ್ದವೂ ಬೇರೆ: ಫೆಂಡರ್ ಮಾದರಿಯಲ್ಲಿ 648 ಮಿಲಿಮೀಟರ್, ಗಿಬ್ಸನ್ ಮಾದರಿಯಲ್ಲಿ ಸುಮಾರು 628. ಈ 20 ಮಿಲಿಮೀಟರ್ ಕಡಿತದಿಂದ ತಂತಿಯ ಬಿಗುವು ತಗ್ಗಿ ಬೆರಳಿಗೆ ಮೃದುವೆನಿಸುತ್ತದೆ.

ಒಂದೇ ವಾದ್ಯದಲ್ಲಿ ಎರಡೂ ಬೇಕೆನ್ನುವವರಿಗೆ ಯಮಾಹಾ ಪೆಸಿಫಿಕಾ 112 ಇದೆ. 1990ರಿಂದ ಬಂದಿರುವ ಪೆಸಿಫಿಕಾ ಸಾಲಿನ ಈ ವಾದ್ಯದಲ್ಲಿ ಒಂದು ಹಂಬಕರ್, ಎರಡು ಒಂಟಿ ಸುರುಳಿ. ನೋಟಕ್ಕೆ ಸಾಧಾರಣ, ಅದನ್ನು ಗೋಡೆಗೆ ತೂಗುಹಾಕಿ ಅತಿಥಿಗಳಿಗೆ ತೋರಿಸಿದರೆ ಯಾರೂ ತಿರುಗಿ ನೋಡಲಾರರು. ಆದರೆ ಈ ಬೆಲೆಯಲ್ಲಿ ಅಷ್ಟು ಕಡಿಮೆ ದೂರು ಕೇಳಿಬರುವ ಗಿಟಾರ್ ಇನ್ನೊಂದು ಸಿಗುವುದು ಕಷ್ಟ. ಐಬನೀಜ್‌ನ ಜಿಯೊ ಶ್ರೇಣಿ, ಕೊರಿಯಾ ಮೂಲದ ಕೋರ್ಟ್ ಇವೂ ಪರಿಗಣಿಸತಕ್ಕವು. ರೂ. 10,000ಕ್ಕಿಂತ ಕೆಳಗಿನ ವಾದ್ಯಗಳನ್ನು ಕಲಿಯುವ ಮಗುವಿಗೆ ಕೊಡಬಹುದೇ ಹೊರತು, ಸಂಗ್ರಹಕ್ಕೆಂದು ಕೊಂಡರೆ ಶ್ರುತಿ ಕೀಲಿಗಳನ್ನು ಬದಲಿಸುವುದರಲ್ಲೇ ಉಳಿತಾಯ ಕರಗುತ್ತದೆ.

ಬೆರಳ ಹಲಗೆಯ ಮರ

ಇಲ್ಲಿಯವರೆಗಿನದು ಯಾವ ಊರಿನ ಗ್ರಾಹಕನಿಗೂ ಅನ್ವಯಿಸುವ ಮಾತು. ಕೊಡಗಿನವನು ಮಾತ್ರ ಗುರುತಿಸಬಹುದಾದ ಸಂಗತಿ ಗಿಟಾರಿನ ಕತ್ತಿನ ಮೇಲಿದೆ.

ಬೆರಳುಗಳು ತಂತಿಯನ್ನು ಒತ್ತುವ ತೆಳು ಹಲಗೆಗೆ ಫಿಂಗರ್‌ಬೋರ್ಡ್ ಎಂದು ಹೆಸರು. ಬೆವರು, ಉಜ್ಜಾಟ ಎಲ್ಲವನ್ನೂ ತಾಳಬೇಕಾದ ಈ ಭಾಗಕ್ಕೆ ಗಟ್ಟಿಯಾದ, ಎಣ್ಣೆಯಂಶದ ಮರ ಬೇಕು. ಮೊದಲಿಗೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಕೆಯಲ್ಲಿತ್ತು. ಅದು ದುರ್ಲಭವಾಗುತ್ತಿದ್ದಂತೆ 1960ರ ದಶಕದಲ್ಲಿ ತಯಾರಕರು ಭಾರತದ ರೋಸ್‌ವುಡ್ ಕಡೆಗೆ ತಿರುಗಿದರು. ಅದೇ ನಮ್ಮ ಬೀಟೆ, ಸಸ್ಯಶಾಸ್ತ್ರದ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಪಶ್ಚಿಮ ಘಟ್ಟದ ಈ ಮರ ಕೊಡಗಿನ ಕಾಫಿ ತೋಟಗಳಲ್ಲಿ ನೆರಳಾಗಿ ನಿಂತು ಕರಿಮೆಣಸಿನ ಬಳ್ಳಿಗೆ ಆಸರೆ ಕೊಡುತ್ತದೆ. ಹೀಗೆಂದ ಮಾತ್ರಕ್ಕೆ ಪ್ರತಿ ಗಿಟಾರಿನಲ್ಲೂ ಕೊಡಗಿನ ಬೀಟೆ ಇದೆ ಎಂದು ಬೀಗುವಂತಿಲ್ಲ. ಜಾವಾ ದ್ವೀಪದಲ್ಲಿ ಇದೇ ಮರವನ್ನು ಸೊನೊಕೆಲಿಂಗ್ ಎಂಬ ಹೆಸರಿನಿಂದ ಬೆಳೆಸುತ್ತಾರೆ. ಇಂಡೋನೇಷ್ಯಾದಲ್ಲಿ ತಯಾರಾದ ವಾದ್ಯದ ಮೇಲಿನ ಬೀಟೆ ಅಲ್ಲಿಯದೇ ಇದ್ದೀತು.

ಮರದ ಕಾನೂನು ಗಿಟಾರ್ ಉದ್ಯಮವನ್ನು ಎರಡು ಬಾರಿ ಅಲುಗಾಡಿಸಿತು. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ನಡೆಸಿ ಭಾರತದಿಂದ ಬಂದಿದ್ದ ಬೀಟೆ ಮತ್ತು ಕರಿಮರದ ಹಲಗೆಗಳನ್ನು ವಶಪಡಿಸಿಕೊಂಡರು. ಭಾರತದ ರಫ್ತು ನಿಯಮದಂತೆ ಅವು ಸಿದ್ಧ ಭಾಗಗಳೋ ಅರೆಸಿದ್ಧ ಮರವೋ ಎಂಬುದು ವಿವಾದದ ತಿರುಳು. 2012ರ ಒಪ್ಪಂದದಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತರೂ ಅದು ಮಡಗಾಸ್ಕರ್‌ನ ಮರದ ಸಂಬಂಧ. ಭಾರತದ ಮರವನ್ನು ಹಿಂದಿರುಗಿಸಲಾಯಿತು. ಎರಡನೆಯ ಪೆಟ್ಟು ಇನ್ನೂ ವ್ಯಾಪಕ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದ 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲವನ್ನೆಲ್ಲ ತನ್ನ ಎರಡನೆಯ ಅನುಬಂಧಕ್ಕೆ ಸೇರಿಸಿತು. ಒಂದು ಗಿಟಾರ್ ಗಡಿ ದಾಟಿಸಲು ಕಾಗದಪತ್ರ ಬೇಕಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಅಷ್ಟರಲ್ಲಿ ಅಗ್ಗದ ಗಿಟಾರುಗಳ ತಯಾರಕರು ಬೇರೆ ಮರ ಹುಡುಕಿಕೊಂಡಾಗಿತ್ತು.

ಆ ಬೇರೆ ಮರಗಳಲ್ಲಿ ಮುಖ್ಯವಾದುದು ಲಾರೆಲ್. ಸ್ಕ್ವಾಯರ್, ಎಪಿಫೋನ್ ಎರಡರ ವಿವರಪಟ್ಟಿಯಲ್ಲೂ ಈ ಹೆಸರು ಕಾಣುತ್ತದೆ. ಮರದ ವ್ಯಾಪಾರದಲ್ಲಿ ಇಂಡಿಯನ್ ಲಾರೆಲ್ ಎಂದರೆ ಟರ್ಮಿನೇಲಿಯಾ ಎಲಿಪ್ಟಿಕಾ. ಅಂದರೆ ಮತ್ತಿ. ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯ ಈ ಮರ ನಾಗರಹೊಳೆ ಕಡೆಯ ಎಲೆಯುದುರುವ ಕಾಡಿನಲ್ಲಿ ಯಥೇಚ್ಛ. ಬೀಟೆಗೆ ಹೋಲಿಸಿದರೆ ತುಸು ತಿಳಿಬಣ್ಣ, ತುಸು ಒಣಕಲು. ಲಾರೆಲ್ ಎಂದ ಕೂಡಲೇ ಕಳಪೆ ಎಂದು ಮೂಗು ಮುರಿಯುವ ಗ್ರಾಹಕರಿದ್ದಾರೆ. ಆ ತಾತ್ಸಾರಕ್ಕೆ ಆಧಾರ ಕಡಿಮೆ. ವರ್ಷಕ್ಕೆರಡು ಬಾರಿ ತೆಳುವಾಗಿ ಎಣ್ಣೆ ಸವರಿದರೆ ಮತ್ತಿಯ ಹಲಗೆ ಚೆನ್ನಾಗಿಯೇ ಬಾಳುತ್ತದೆ, ಮತ್ತು ಎಲೆಕ್ಟ್ರಿಕ್ ಗಿಟಾರಿನ ಧ್ವನಿಯಲ್ಲಿ ಪಿಕಪ್‌ನ ಪಾಲು ಹಲಗೆಯ ಪಾಲಿಗಿಂತ ಬಹಳ ದೊಡ್ಡದು.

ಬೀಟೆಯ ಬೆಲೆ ತಿಳಿದೂ ಬೆಳೆಗಾರ ಅದನ್ನು ನೆಡುವುದಕ್ಕೆ ಹಿಂಜರಿಯುವುದು ಕೊಡಗಿನ ಹಳೆಯ ವ್ಯಥೆ. ಭೂದಾಖಲೆಯಲ್ಲಿ ಅನ್‌ರಿಡೀಮ್ಡ್ ಎಂದಿರುವ ಜಮೀನಿನಲ್ಲಿ ನಿಂತ ಇಂಥ ಮರದ ಮೌಲ್ಯ ಸರ್ಕಾರಕ್ಕೆ ಸಲ್ಲುತ್ತದೆ. ಕಡಿಯಲು ಅನುಮತಿ, ಸಾಗಿಸಲು ಪರವಾನಗಿ. ಕಡಿಯಲು ತೊಡಕಿಲ್ಲದ ಸಿಲ್ವರ್ ಓಕ್ ತೋಟ ತೋಟಗಳಲ್ಲಿ ಸಾಲುಗಟ್ಟಿದ್ದು ಈ ಕಾರಣಕ್ಕೇ. ತನ್ನ ಅಂಗಳದ ಮರದ ಒಡೆತನವಿಲ್ಲದವನು ಅದೇ ಜಾತಿಯ ಮರದ ಚೂರೊಂದನ್ನು ಸಮುದ್ರದಾಚೆಯಿಂದ ತೆರಿಗೆ ಸಮೇತ ಕೊಂಡು ತರುತ್ತಾನೆ.

ಬಿಸಿಲು, ಮಳೆ ಮತ್ತು ಕತ್ತು

ತೇವಾಂಶದ ಅಳತೆ ನೋಡದೆ ಪಾರ್ಚ್‌ಮೆಂಟ್ ಮೂಟೆಗೆ ಬೆಲೆ ಕಟ್ಟದ ವರ್ತಕನೂ ಗಿಟಾರ್ ಕೊಳ್ಳುವಾಗ ತೇವಾಂಶ ಮರೆಯುತ್ತಾನೆ. ಗಿಟಾರಿನ ಮರಕ್ಕೆ ಹಿತವಾದ ವಾತಾವರಣದ ತೇವ ಶೇ. 45ರಿಂದ 55. ಮಡಿಕೇರಿಯಲ್ಲಿ ವಾರ್ಷಿಕ ಮಳೆ 3,000 ಮಿಲಿಮೀಟರಿಗೂ ಮೇಲೆ. ಕುಶಾಲನಗರದ ಬಯಲಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಬೇಸಿಗೆಯಲ್ಲಿ ಹಲಗೆ ಕುಗ್ಗಿ, ಅದರಲ್ಲಿ ಕೂಡಿಸಿದ ಲೋಹದ ಫ್ರೆಟ್‌ಗಳ ತುದಿ ಹೊರಚಾಚಿ ಕೈ ತರಚುತ್ತದೆ. ಜುಲೈನಲ್ಲಿ ಮರ ಉಬ್ಬಿ ಕತ್ತಿನ ಬಾಗು ಬದಲಾಗುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ, ಧ್ವನಿಯ ಗುಂಡಿ ತಿರುಗಿಸಿದರೆ ಕರಕರ ಸದ್ದು. ಚೀಲದೊಳಗಿನ ಬೂಷ್ಟು ಬೇರೆ.

ಆದ್ದರಿಂದ ಪಾರ್ಸೆಲ್ ಬಂದ ದಿನವೇ ಪರೀಕ್ಷಿಸತಕ್ಕದ್ದು ಬಣ್ಣವನ್ನಲ್ಲ. ಕತ್ತಿನ ಅಂಚಿನ ಮೇಲೆ ಬೆರಳಾಡಿಸಿ ಫ್ರೆಟ್ ತುದಿ ಚುಚ್ಚುವುದೇ ನೋಡಬೇಕು. ತಂತಿಯೊಂದನ್ನು ಮೊದಲ ಮತ್ತು ಕೊನೆಯ ಫ್ರೆಟ್ ಬಳಿ ಒಟ್ಟಿಗೆ ಒತ್ತಿ ಹಿಡಿದು, ನಡುವೆ ಕಾಗದ ತೂರುವಷ್ಟು ಸಂದು ಇದೆಯೇ ಗಮನಿಸಬೇಕು. ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರ ಖಾಲಿ ತಂತಿಯ ಮೇಲಿನ ಸ್ಥಾಯಿಗೆ ಸರಿಯಾಗಿ ಹೊಂದಬೇಕು. ಕತ್ತಿನೊಳಗಿನ ಉಕ್ಕಿನ ಸಲಾಕೆಯನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಲು ಹೋಗಬಾರದು. ಅದು ತಿರುಗದೆ ಸಿಕ್ಕಿಕೊಂಡಿದ್ದರೆ ವಾದ್ಯವನ್ನು ಹಿಂದಿರುಗಿಸುವುದೇ ಸರಿ, ಅಲ್ಲಿ ರಿಯಾಯಿತಿಯ ಮಾತಿಗೆ ಮರುಳಾಗಬಾರದು. ಹಳೆಯ ವಾದ್ಯ ಕೊಳ್ಳುವವರಿಗೂ ಇದೇ ಮಾತು.

ಜಿಲ್ಲೆಯ ಅಂಗಡಿಗಳಿಗೆ ಇದರಲ್ಲಿ ಒಂದು ಸಣ್ಣ ಅವಕಾಶವಿದೆ. ಗಿಟಾರ್ ಮಾರಿ ಬೆಂಗಳೂರಿನ ಬೆಲೆಯೊಡನೆ ಪೈಪೋಟಿ ನಡೆಸುವುದು ಇಲ್ಲಿಯ ವರ್ತಕನಿಗೆ ಆಗದ ಕೆಲಸ. ಆದರೆ ತಂತಿ, ಸಿಲಿಕಾ ಜೆಲ್ ಪೊಟ್ಟಣ, ತೇವಮಾಪಕ, ಹಲಗೆಗೆ ಸವರುವ ಎಣ್ಣೆ ಇವು ಮಳೆಗಾಲವಿಡೀ ಬೇಕಾಗುವ ಸರಕು, ಮತ್ತು ವರ್ಷಕ್ಕೆ ಎರಡು ಬಾರಿ, ಜೂನ್ ಕೊನೆಗೆ ಒಮ್ಮೆ, ಜನವರಿಯಲ್ಲಿ ಒಮ್ಮೆ, ಕತ್ತು ಸರಿಪಡಿಸಿ ಕೊಡುವ ಕೈಯೊಂದು ಮಡಿಕೇರಿಯಲ್ಲಿ ಸಿಕ್ಕರೆ ಅದಕ್ಕಾಗಿ ಮೈಸೂರಿಗೆ ಬಸ್ಸು ಹತ್ತುವ ಹವ್ಯಾಸಿಯ ಒಂದು ದಿನ ಉಳಿಯುತ್ತದೆ.